ಎಡ ಸೀಟಿನ ನೀರುಗೊಂಬೆ

11 ಜನವರಿ

ಅಮ್ಮ,

ಮನೆಗೆ ಬಣ್ಣ ಬಳಿಸುತ್ತಿದ್ದೇವೆ. ನಿನ್ನೆ ಬಣ್ಣದವನು ಅಡುಗೆಮನೆಯ ಬಾಗಿಲ ಹತ್ತಿರ ನಿಂತು, "ಅಕ್ಕಾ, ಈ ಗೆರೆ ಇರ್ಲೋ, ಮುಚ್ಚಿಬಿಡ್ಲೋ?" ಎಂದು ಕೇಳಿದ. ಚೌಕಟ್ಟಿನ ಮೇಲೆ ನೀನು ಕೆಂಪು ಪೆನ್ಸಿಲಿನಲ್ಲಿ ಎಳೆದ ಗೆರೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಒಳಗಿನಿಂದ, "ಎಳೆದವಳನ್ನೇ ಕೇಳಬೇಕಪ್ಪಾ, ಅವಳು ಸಿಕ್ಕಿದರೆ" ಎಂದರು. ಅದಕ್ಕೇ ಕೇಳುತ್ತಿದ್ದೇನೆ.

ಫೋನ್ ಮಾಡಬಹುದಿತ್ತು. ಆದರೆ ಕಳೆದ ಸಲ ಮಾತಿಗೆ ಮಾತು ಬೆಳೆದು ಏನಾಯಿತೆಂದು ನಿನಗೂ ನೆನಪಿದೆ. ಫೋನನ್ನು ಮೊದಲು ಇಟ್ಟವರು ಯಾರು ಎಂಬುದಕ್ಕೇ ಇನ್ನೊಂದು ಜಗಳ ಆಡಬಹುದು. ಬರೆದರೆ, ಅಂಚೆ ಡಬ್ಬದವರೆಗೆ ನಡೆಯುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ. ಇನ್ನು ಮೇಲೆ ಹೀಗೇ ಇರಲಿ. ಫೋನು ಬೇಡ.

ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅಳಿಯ, ಚಿತ್ರಗಳಿಗೆ ಕಟ್ಟು ಹಾಕುವವರು, ಅಂಗಡಿ ಬಿಟ್ಟು ಬಂದು ಬಣ್ಣದವನಿಗೇ ಪಾಠ ಹೇಳುತ್ತಿದ್ದಾರೆ. ದೊಡ್ಡಮ್ಮನ ಮೊಣಕಾಲಿಗೆ ನಾನು ಹೇಳಿಕೊಟ್ಟ ವ್ಯಾಯಾಮವನ್ನು ಅವರು ಮಾಡುವುದಿಲ್ಲ, ಮಾಡಿದೆ ಎಂದು ಸುಳ್ಳು ಹೇಳುತ್ತಾರೆ. ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವ ಉಳಿದವರೂ ಅಷ್ಟೇ.

ಗೆರೆಯ ವಿಷಯ ಬೇಗ ತಿಳಿಸು. ಆ ಬಾಗಿಲನ್ನು ಕೊನೆಗೆ ಬಿಟ್ಟುಕೊಂಡಿದ್ದಾನೆ.

ಇಂತಿ,
ನಿನ್ನ ಮಗಳು


30 ಜನವರಿ

ಬುಗುರಿ,

ಗೆರೆ ಇರಲಿ.

ನಿನ್ನ ಪತ್ರ ಬೆಳಿಗ್ಗೆಯೇ ಬಂದಿತ್ತು. ಓದಿದ್ದು ಸಂಜೆ. ಟ್ರ್ಯಾಕಿನ ಮೇಲೆ ಹೋಗುವಾಗ ಜೇಬಿನಲ್ಲಿ ಒಂದು ನಾಣ್ಯವೂ ಇರಬಾರದೆಂಬ ನಿಯಮ ನಮ್ಮದು. ಕೆಳಗೆ ಬಿದ್ದರೆ ಯಾರದಾದರೂ ತಲೆ ಒಡೆಯುತ್ತದೆ, ಅಯಸ್ಕಾಂತಕ್ಕೆ ಸಿಕ್ಕಿದರೆ ಕಿತ್ತು ತೆಗೆಯಲು ಅರ್ಧ ದಿನ. ಆದ್ದರಿಂದ ನಿನ್ನ ಅಕ್ಷರಗಳು ಇಡೀ ದಿನ ಲಾಕರಿನಲ್ಲಿ ಕಾದವು. ನಾನು ಮೇಲೆ ಬೋಲ್ಟು ಬಿಗಿಯುತ್ತ, ಒಳಗೆ ಏನಿರಬಹುದೆಂದು ಊಹಿಸುತ್ತಿದ್ದೆ. ಗೆರೆಯ ಬಗ್ಗೆ ಇರುತ್ತದೆಂದು ಮಾತ್ರ ಹೊಳೆಯಲಿಲ್ಲ.

ಈ ಪಾರ್ಕು ಈಗ ಮುಚ್ಚಿದೆ. ಟಿಕೆಟ್ ಕಿಟಕಿಗಳಿಗೆ ಹಲಗೆ ಹೊಡೆದಿದ್ದಾರೆ. ತಿರುಗುವ ಕುದುರೆಗಳಿಗೆ ಟಾರ್ಪಾಲು ಹೊದಿಸಿದ್ದಾರೆ, ಕಾಲು ಮಾತ್ರ ಕಾಣುತ್ತವೆ. ಇದರ ನಡುವೆ ನಮ್ಮ ಹೊಸ ರೋಲರ್ ಕೋಸ್ಟರ್ ಎದ್ದು ನಿಂತಿದೆ. ಇಷ್ಟು ವೇಗದ ಯಂತ್ರಕ್ಕೆ ನಾನು ಈವರೆಗೆ ಬ್ರೇಕು ಕೂರಿಸಿಲ್ಲ. ಜನ ವೇಗಕ್ಕೆ ಟಿಕೆಟ್ ಕೊಳ್ಳುತ್ತಾರೆ. ನಿಲ್ಲುವುದು ಬಿಟ್ಟಿಯಾಗಿ ಬರುತ್ತದೆ ಎಂದುಕೊಂಡಿರುತ್ತಾರೆ. ಎತ್ತರ ಕಟ್ಟಿದವರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ನನಗೆ ಸಿಗುವುದು ಒಂದು ಅಡ್ಡಹೆಸರು. ಇಲ್ಲಿಯೂ ನಾನು 'ಬ್ರೇಕಮ್ಮ'. ಇಟ್ಟವನು ಕಂಟ್ರೋಲ್ ರೂಮಿನವನು. ಅವನಿಗೆ ನಾನು 'ಗುಂಡಿಯಣ್ಣ' ಎಂದು ಹೆಸರಿಟ್ಟು ಬಾಕಿ ತೀರಿಸಿದ್ದೇನೆ. ದಿನವಿಡೀ ಗುಂಡಿ ಒತ್ತುವುದೇ ಅವನ ಕೆಲಸ.

ನಿನಗೆ ಈವರೆಗೆ ಹೇಳದ ಒಂದು ಮಾತು ಹೇಳುತ್ತೇನೆ. ಮನುಷ್ಯರನ್ನು ಕೂರಿಸುವ ಮೊದಲು ನಾವು ಸೀಟುಗಳಲ್ಲಿ ಪ್ಲಾಸ್ಟಿಕ್ಕಿನ ಗೊಂಬೆಗಳನ್ನು ಕೂರಿಸುತ್ತೇವೆ. ತಲೆ, ಎದೆ, ಹೊಟ್ಟೆ, ತೊಡೆ, ಅಷ್ಟೇ, ಕೈಯಿಲ್ಲ, ಮುಖವಿಲ್ಲ. ಪೈಪು ಹಿಡಿದು ಒಳಗೆ ನೀರು ತುಂಬುತ್ತೇವೆ, ಮನುಷ್ಯರ ಭಾರ ಬರಲೆಂದು. ಮುಂದಿನ ಸಾಲಿನ ಎಡ ಸೀಟಿನ ಗೊಂಬೆಗೆ ಎಲ್ಲ ಊರಿನಲ್ಲೂ ನಾನೇ ನೀರು ತುಂಬುತ್ತೇನೆ, ನಿನ್ನ ತೂಕದಷ್ಟು. ನೀನು ಚಿಕ್ಕವಳಿದ್ದಾಗ ಅರ್ಧ ಗೊಂಬೆ ಸಾಕಾಗುತ್ತಿತ್ತು. ಆಮೇಲೆ ಪಾರ್ಕಿನಿಂದ ಪಾರ್ಕಿಗೆ ನೀರು ಏರುತ್ತ ಹೋಯಿತು. ಎಲ್ಲವೂ ಊಹೆ. ಫೋಟೊ ನೋಡಿ, ದೊಡ್ಡಮ್ಮ ಬಟ್ಟೆಯ ಅಳತೆ ಹೇಳಿದ್ದು ಕೇಳಿ.

ಗೊಂಬೆಗಳ ಸುತ್ತು ಮುಗಿದ ಮೇಲೆ ಮೊದಲು ಕೂರಬೇಕಾದವರು ಬ್ರೇಕು ಕೂರಿಸಿದವರು. ಎಲ್ಲೂ ಬರೆದಿಲ್ಲ, ಎಲ್ಲ ಕಡೆಯೂ ನಡೆಯುತ್ತದೆ. ಅವರು ತಮಗೆ ಬೇಕಾದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ನಾನು ಯಾರನ್ನೂ ಕೂರಿಸಿಕೊಂಡಿಲ್ಲ, ನನ್ನ ಪಕ್ಕ ನೀರುಗೊಂಬೆಯೇ. ಈ ಯಂತ್ರದ ನಂತರ ವಯಸ್ಸಿನ ಲೆಕ್ಕದಲ್ಲಿ ನನ್ನನ್ನು ಹತ್ತಿಸುವುದಿಲ್ಲವಂತೆ. ಇದು ಕೊನೆಯದು. ಮೊದಲ ಸುತ್ತು ಮಳೆಗಾಲದ ನಡುವೆ ಬೀಳಬಹುದು.

ಎಡ ಸೀಟಿಗೆ ನೀನೇ ಬರುತ್ತೀಯಾ? ಅಷ್ಟರವರೆಗೆ ಗೊಂಬೆಗಾದರೂ ನಿನ್ನ ಈಗಿನ ತೂಕ ಎಷ್ಟೆಂದು ಹೇಳು. ಈ ಸಲ ಊಹೆ ಬೇಡ ಅನಿಸಿದೆ.

ಅಮ್ಮ


12 ಫೆಬ್ರವರಿ

ಅಮ್ಮ,

ಹೆಣ್ಣಿನ ವಯಸ್ಸು, ಗಂಡಿನ ಸಂಬಳ ಕೇಳಬಾರದೆಂದು ಹಿರಿಯರು ಹೇಳಿದರು. ಹೆತ್ತ ತಾಯಿ ಪತ್ರ ಬರೆದು ಮಗಳ ತೂಕ ಕೇಳಿಯಾಳೆಂದು ಅವರಿಗೂ ತೋಚಿರಲಿಕ್ಕಿಲ್ಲ.

ನಾನು ಬರುವುದಿಲ್ಲ.

ಗೆರೆ ಯಾಕೆ ಎಳೆದೆ ಎಂದು ನಿನಗೆ ನೆನಪಿದೆ ತಾನೆ? "ಇಷ್ಟೆತ್ತರ ಆದ ದಿನ ನನ್ನ ಪಕ್ಕ ಕೂರಿಸಿಕೊಂಡು ಕರ್ಕೊಂಡು ಹೋಗ್ತೀನಿ" ಎಂದಿದ್ದೆ. ಅಪ್ಪ ಹೋಗಿ ಹೆಚ್ಚು ಕಾಲವಾಗಿರಲಿಲ್ಲ. ನಿನ್ನ ಸಂಬಳದ ಮೇಲೆ ಮನೆ ನಿಂತಿತ್ತು. ಅದು ನನಗೆ ಆಗಲೇ ಅರ್ಥವಾಗುತ್ತಿತ್ತು, ಅದಕ್ಕೆ ತಕರಾರಿಲ್ಲ. ಆದರೆ ನಾನು ದಿನಾ ಹೋಗಿ ಗೆರೆಗೆ ಬೆನ್ನು ಒತ್ತಿ ನಿಲ್ಲುತ್ತಿದ್ದೆ. ಒಂದು ದಿನ ದೊಡ್ಡಮ್ಮ ನನ್ನ ತಲೆಯ ಮೇಲೆ ಪುಸ್ತಕ ಇಟ್ಟು ನೋಡಿ, "ಮುಟ್ಟೇಬಿಟ್ಯಲ್ಲೇ" ಎಂದರು. ಅವರ ಧ್ವನಿಯಲ್ಲಿ ಖುಷಿ ಇರಲಿಲ್ಲ. ನೀನು ಬರುವ ಹೊತ್ತಿಗೆ ಗೆರೆ ನನ್ನ ಕಿವಿಯ ಮಟ್ಟಕ್ಕೆ ಇಳಿದಿತ್ತು. ನೀನು ಕರೆದೆ, ನಾನು ಮುಖ ಊದಿಸಿಕೊಂಡು ಒಲ್ಲೆ ಎಂದೆ. ನೀನು ಎರಡನೆಯ ಸಲ ಕರೆಯಲಿಲ್ಲ.

ಆ ತಾಮ್ರದ ಕೊಳವೆ ನನ್ನ ಬಳಿ ಇನ್ನೂ ಇದೆ. ನೀನು ತಂದುಕೊಟ್ಟ ಆಟಿಕೆ ಅದೊಂದೇ. ಮೇಲಿನಿಂದ ಅಯಸ್ಕಾಂತದ ತುಂಡು ಬಿಟ್ಟರೆ ಅದು ಧೊಪ್ಪನೆ ಬೀಳದೆ ನಿಧಾನವಾಗಿ ಇಳಿಯುತ್ತಿತ್ತಲ್ಲ. ಒಳಗೆ ಯಾರೋ ಹಿಡಿದು ಹಿಡಿದು ಬಿಡುತ್ತಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ಕೊಳವೆಯೊಳಗೇ ಅದನ್ನು ನಿಲ್ಲಿಸಬೇಕೆಂದು ಎಷ್ಟೋ ಪ್ರಯತ್ನ ಮಾಡಿದೆ. ಓರೆ ಮಾಡಿದೆ, ಅಲ್ಲಾಡಿಸಿದೆ. ಎಂದೂ ನಿಲ್ಲಲಿಲ್ಲ. ಕೊನೆಗೆ ಕೆಳಗೆ ಕೈಯೊಡ್ಡಿ ಕೂರುತ್ತಿದ್ದೆ.

ನೀನೂ ಹಾಗೆಯೇ. ಬಂದ ಪುಟ್ಟ, ಹೋದ ಪುಟ್ಟ. ನೀನು ಮನೆಗೆ ಬರುತ್ತಿದ್ದೆ, ನಿನ್ನ ಉಪಕರಣದ ಪೆಟ್ಟಿಗೆ ಒಂದು ಸಲವೂ ಬರಲಿಲ್ಲ. ಅದು ಒಂದು ಪಾರ್ಕಿನಿಂದ ನೇರ ಇನ್ನೊಂದು ಪಾರ್ಕಿಗೆ ಲಾರಿ ಹತ್ತುತ್ತಿತ್ತು, ನೀನು ಅದರ ಹಿಂದೆ ಓಡುತ್ತಿದ್ದೆ. ದೊಡ್ಡಮ್ಮ ಹೇಳುವಂತೆ ನೀನು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ನೀನು ನಿಧಾನವಾಗುತ್ತೀಯ ಅಮ್ಮ, ನಿಲ್ಲುವುದಿಲ್ಲ.

ಅಂಚೆ ಡಬ್ಬದವರೆಗೆ ನಡೆದು ಹೋಗಿ ವಾಪಸು ಬಂದೆ. ಸಿಟ್ಟು ಇಳಿಯಲಿಲ್ಲ. ಆದರೂ ಹರಿದು ಹಾಕುವುದಿಲ್ಲ.

ನಿನ್ನ ಮಗಳು

ಐವತ್ತೆಂಟು ಕಿಲೊ. ಗೊಂಬೆಯ ಸಲುವಾಗಿ ಹೇಳಿದ್ದು.


3 ಮಾರ್ಚ್

ಬುಗುರಿ,

ಐವತ್ತೆಂಟು. ನಾನು ಐವತ್ತೊಂದು ತುಂಬಿಸಿದ್ದೆ. ಪೈಪು ಹಿಡಿದು ಉಳಿದ ಏಳು ಲೀಟರ್ ಸುರಿಯುವಾಗ, ಈ ಏಳು ಲೀಟರ್ ನೀನು ಯಾವ ವರ್ಷ, ಯಾವ ಊಟದಲ್ಲಿ ಗಳಿಸಿದೆಯೋ ಎಂದು ಯೋಚಿಸುತ್ತ ನಿಂತೆ. ಪೈಪು ಜಾರಿ ನೀರು ಗೊಂಬೆಯ ಮೈಮೇಲೆಲ್ಲ ಹರಿಯಿತು. ಗುಂಡಿಯಣ್ಣ ಮೇಲಿಂದ ಮೈಕಿನಲ್ಲಿ, "ಬ್ರೇಕಮ್ಮ, ಗೊಂಬೆಗೆ ಸ್ನಾನ ಮಾಡಿಸ್ತಿದೀರಾ?" ಎಂದ.

ನೀನು ಬರೆದದ್ದಕ್ಕೆ ಎದುರುತ್ತರ ಬರೆಯಲು ಕೂತೆ. ಎರಡು ಸಲ ಬರೆದೆ. ಸರಿಯಾಗಲಿಲ್ಲ. ನನಗೆ ಗೊತ್ತಿರುವುದನ್ನೇ ಬರೆಯುತ್ತೇನೆ.

ಹಳೆಯ ಯಂತ್ರಗಳಲ್ಲಿ ಬ್ರೇಕೆಂದರೆ ಎರಡು ದವಡೆ ಬಂದು ಬೋಗಿಯ ಅಡಿಯ ಪಟ್ಟಿಯನ್ನು ಕಚ್ಚುವುದು. ಸವೆಯುತ್ತಿತ್ತು, ಕಿರುಚುತ್ತಿತ್ತು, ಮಳೆ ಬಂದರೆ ಜಾರುತ್ತಿತ್ತು. ಈ ವೇಗಕ್ಕೆ ಅದು ಸಾಲದು. ಇಲ್ಲಿ ಬೋಗಿಯ ಅಡಿಯಲ್ಲಿ ತಾಮ್ರದ ತಗಡು ನೇತಾಡುತ್ತದೆ. ಟ್ರ್ಯಾಕಿನ ಕೊನೆಯಲ್ಲಿ ಅಯಸ್ಕಾಂತಗಳು ಜೋಡಿ ಜೋಡಿಯಾಗಿ ಎದುರುಬದುರು ನಿಂತಿವೆ. ತಗಡು ಅವುಗಳ ನಡುವಿನ ಸಂದಿಯಲ್ಲಿ ಹಾದುಹೋಗುತ್ತದೆ. ಯಾವುದೂ ಯಾವುದನ್ನೂ ಮುಟ್ಟುವುದಿಲ್ಲ. ತಗಡು ಓಡುತ್ತಿರುವುದರಿಂದಲೇ ಅದರೊಳಗೆ ವಿದ್ಯುತ್ತಿನ ಸುಳಿಗಳು ಹುಟ್ಟುತ್ತವೆ, ಆ ಸುಳಿಗಳೇ ಓಟಕ್ಕೆ ಅಡ್ಡ ನಿಲ್ಲುತ್ತವೆ. ಓಟವೇ ಓಟವನ್ನು ಹಿಡಿಯುತ್ತದೆ. ನಿನ್ನ ಕೊಳವೆಯಲ್ಲಿ ಆಗುತ್ತಿದ್ದುದೂ ಇದೇ. ಕರೆಂಟು ಹೋದರೂ, ಗುಂಡಿಯಣ್ಣ ನಿದ್ದೆ ಹೋದರೂ ಈ ಬ್ರೇಕು ಕೆಲಸ ಮಾಡುತ್ತದೆ. ನಂಬಿಕೆಗೆ ಇದಕ್ಕಿಂತ ಒಳ್ಳೆಯದು ನಮ್ಮ ಕಸುಬಿನಲ್ಲಿ ಇಲ್ಲ.

ಒಂದೇ ಒಂದು ಕೊರತೆ. ಬೋಗಿ ನಿಧಾನವಾದಂತೆ ಸುಳಿಗಳೂ ಸೊರಗುತ್ತವೆ, ಹಿಡಿತ ಸಡಿಲುತ್ತದೆ. ನಡಿಗೆಯ ವೇಗಕ್ಕೆ ಬಂದ ಬೋಗಿಯನ್ನು ಅಯಸ್ಕಾಂತ ಎಷ್ಟು ಬೇಕಾದರೂ ನಿಧಾನ ಮಾಡೀತು, ಪೂರ್ತಿ ನಿಲ್ಲಿಸಲಾರದು. ಅದಕ್ಕಾಗಿ ನಿಲ್ದಾಣದ ಬಾಯಲ್ಲಿ ರಬ್ಬರಿನ ಗಾಲಿಗಳನ್ನು ಇಟ್ಟಿರುತ್ತೇವೆ. ಅವು ಬೋಗಿಯನ್ನು ಮುಟ್ಟಿ, ಕೊನೆಯ ನಾಲ್ಕು ಹೆಜ್ಜೆ ನಡೆಸಿಕೊಂಡು ಬಂದು ನಿಲ್ಲಿಸುತ್ತವೆ. ಮುಟ್ಟದೆ ಆಗುವ ಕೆಲಸ ಒಂದು ಮಟ್ಟದವರೆಗೆ ಮಾತ್ರ. ನೀನು ಚಿಕ್ಕಂದಿನಲ್ಲೇ ಕೈಯೊಡ್ಡಿ ಕಂಡುಕೊಂಡದ್ದನ್ನು ನಾನು ಎರಡು ಪುಟ ಬರೆದೆ.

ಈಗ ನನಗೊಂದು ತೊಂದರೆ. ಬೋಗಿ ಸರಿಯಾದ ಜಾಗದಲ್ಲೇ ನಿಧಾನವಾಗುತ್ತಿದೆ, ಲೆಕ್ಕ ಎಲ್ಲ ಸರಿ. ಆದರೆ ಅಯಸ್ಕಾಂತಗಳ ಸಾಲಿಗೆ ನುಗ್ಗುವ ಕ್ಷಣದಲ್ಲಿ ಗೊಂಬೆಗಳ ತಲೆ ಒಟ್ಟಿಗೆ ಮುಂದಕ್ಕೆ ಹೊಡೆಯುತ್ತವೆ. ಅಪಾಯವಿಲ್ಲ ಎನ್ನುತ್ತಾರೆ ಎಂಜಿನಿಯರುಗಳು. ಅಪಾಯವಿಲ್ಲದ್ದು ಬೇರೆ, ಹಿತವಾದದ್ದು ಬೇರೆ. ಕುತ್ತಿಗೆಯ ವಿಷಯ ನಿನಗೆ ಗೊತ್ತು. ಏನು ನೋಯಿಸುತ್ತದೆ ಅದನ್ನು?

ಅಮ್ಮ


20 ಮಾರ್ಚ್

ಅಮ್ಮ,

ನನ್ನಲ್ಲಿಗೆ ಬರುವ ಒಬ್ಬ ಮೇಷ್ಟ್ರು ಇದ್ದಾರೆ. ಸಿಗ್ನಲಿನಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ಕಾರು ಮೆಲ್ಲಗೆ ಗುದ್ದಿತು. ಅವರ ಕಾರಿನ ಡಿಕ್ಕಿಗೊಂದು ಗೀರು, ಅಷ್ಟೇ. ಅವರ ಕುತ್ತಿಗೆ ಮಾತ್ರ ಇನ್ನೂ ಸರಿಹೋಗಿಲ್ಲ. ಅದೇ ತಿಂಗಳು ಬಂದ ಇನ್ನೊಬ್ಬಳು ಜೂಡೊ ಆಡುವವಳು. ದಿನವೂ ನೆಲಕ್ಕೆ ಅಪ್ಪಳಿಸಿಕೊಳ್ಳುತ್ತಾಳೆ, ಕುತ್ತಿಗೆಗೆ ಏನೂ ಆಗಿಲ್ಲ; ಬಂದದ್ದು ಹೆಬ್ಬೆರಳು ಉಳುಕಿ.

ನೋಯಿಸುವುದು ಬಲಕ್ಕಿಂತ ಹೆಚ್ಚಾಗಿ ದಿಢೀರೆನ್ನುವುದು. ದೇಹಕ್ಕೆ ಸ್ವಲ್ಪ ಸುಳಿವು ಸಿಕ್ಕರೆ ಸಾಕು, ಕುತ್ತಿಗೆಯ ಸ್ನಾಯುಗಳು ತಾವಾಗಿಯೇ ತಲೆಯನ್ನು ಹಿಡಿದುಕೊಳ್ಳುತ್ತವೆ. ಮೊದಲು ಮೆಲ್ಲಗೆ ತಿಳಿಸು, ಆಮೇಲೆ ಬೇಕಾದಷ್ಟು ಗಟ್ಟಿಯಾಗಿ ಹಿಡಿ. ಬಿಡುವಾಗಲೂ ಹಾಗೆಯೇ. ಥಟ್ಟನೆ ಬಿಟ್ಟರೆ ತಲೆ ಹಿಂದಕ್ಕೆ ಹೊಡೆಯುತ್ತದೆ.

ಇದನ್ನು ಬರೆಯುತ್ತಿದ್ದಾಗ ದೊಡ್ಡಮ್ಮ ಹೆಗಲ ಮೇಲಿನಿಂದ ಓದಿದರು. ಇತ್ತೀಚೆಗೆ ಅವರಿಗೆ ಎಲ್ಲವನ್ನೂ ಓದುವ ಚಟ. ಓದಿ, "ಅವಳು ನೀನು ಮಲಗಿದ್ದಾಗ ಎದ್ದು ಹೋಗ್ತಿದ್ದಳಲ್ಲ, ಅದನ್ನೂ ಸೇರಿಸು" ಎಂದರು. ಸೇರಿಸಿದ್ದೇನೆ ನೋಡು.

ಬಣ್ಣದವನು ಕೆಲಸ ಮುಗಿಸಿ ಹೋದ. ನಿನ್ನ ಅಳಿಯ ಗೆರೆಯ ಸುತ್ತ ಟೇಪು ಅಂಟಿಸಿ, ಅದರ ಮೇಲೆ ಬಣ್ಣ ಬೀಳದಂತೆ ನೋಡಿಕೊಂಡರು. ಈಗ ಹೊಸ ಬಿಳಿಯ ನಡುವೆ ಹಳೆಯ ಮರದ ಒಂದು ತುಣುಕು, ಅದರ ಮೇಲೆ ನಿನ್ನ ಗೆರೆ. ಬಂದವರೆಲ್ಲ ಕೇಳುತ್ತಾರೆ. ನಾನು ಮೊನ್ನೆ ಅದಕ್ಕೆ ಬೆನ್ನು ಕೊಟ್ಟು ನಿಂತೆ. ಭುಜದ ಕೆಳಗಿದೆ.

ಎಡ ಸೀಟಿಗೆ ನಾನು ಬರುತ್ತೇನೆ. ದಿನ ತಿಳಿಸು.

ಬುಗುರಿ


8 ಏಪ್ರಿಲ್

ನನ್ನ ಬುಗುರಿ,

ಪತ್ರದ ಕೊನೆಯ ಹೆಸರನ್ನು ಮೊದಲು ಓದಿದೆ. ಆಮೇಲೆ ಮೇಲಿನಿಂದ ಕೆಳಕ್ಕೆ.

ಸಾಲಿನ ಮೊದಲ ಕೆಲವು ಜೋಡಿಗಳನ್ನು ದೂರ ಸರಿಸಿದೆವು. ಸಂದಿ ಅಗಲವಾದಷ್ಟೂ ಹಿಡಿತ ಮೆಲ್ಲಗೆ. ಆಮೇಲಿನ ಜೋಡಿಗಳನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದೆವು. ಇದರಿಂದ ಬ್ರೇಕಿನ ಸಾಲು ಉದ್ದವಾಯಿತು, ನಿಲ್ದಾಣವನ್ನು ಹಿಂದಕ್ಕೆ ತಳ್ಳಲು ಆಗದೆ ಎಂಜಿನಿಯರುಗಳ ಜೊತೆ ನಾಲ್ಕು ದಿನ ವಾದವಾಯಿತು. ಕೊನೆಗೆ ತಿರುವಿನಿಂದ ಹೊರಬರುವ ಜಾಗದಲ್ಲೇ ಟ್ರ್ಯಾಕನ್ನು ಕೊಂಚ ಮೇಲಕ್ಕೆ ಏರಿಸಿದ್ದಾರೆ. ಏರು ಕೂಡ ಒಂದು ಬ್ರೇಕೇ. ನಿನ್ನೆ ಓಡಿಸಿದಾಗ ಗೊಂಬೆಗಳ ತಲೆ ಮೊದಲಿನಂತೆ ಹೊಡೆಯಲಿಲ್ಲ. ಹಿರಿಯರು ಸಭೆಯಲ್ಲಿ ಕೂತು 'ಆಗಲಿ ಆಗಲಿ' ಎಂದು ಒಪ್ಪಿಗೆ ಕೊಡುವಂತೆ ತೂಗಿದವು. ಗುಂಡಿಯಣ್ಣ ಎದ್ದು ನಿಂತು ಚಪ್ಪಾಳೆ ತಟ್ಟಿದ. ನನ್ನ ಮಗಳು ಹೇಳಿಕೊಟ್ಟದ್ದು ಎಂದೆ. "ನಿಮಗೆ ಮಗಳಿದ್ದಾಳಾ?" ಎಂದ. ಇಷ್ಟು ತಿಂಗಳು ಜೊತೆಗಿದ್ದವನು.

ದೊಡ್ಡಮ್ಮ ಸೇರಿಸಿದ ಸಾಲನ್ನೂ ಓದಿದೆ. ನೀನು ಎದ್ದರೆ ಅಳುತ್ತೀಯ, ನೀನು ಅತ್ತರೆ ನಾನು ಹೋಗಲಾರೆ ಎಂದು ನಾನೂ ಅಕ್ಕನೂ ಕೂತು ಮಾಡಿಕೊಂಡ ಏರ್ಪಾಡು ಅದು. ಈಗ ಅಕ್ಕ ಮೆಲ್ಲಗೆ ನನ್ನ ಪಾಲಿಗೇ ತಳ್ಳಿದ್ದಾಳೆ. ಇರಲಿ.

ಎಡ ಸೀಟನ್ನು ಒರೆಸಿ ಇಟ್ಟಿದ್ದೇನೆ. ಮುಂದಿನ ಯಂತ್ರ ಇದಕ್ಕಿಂತ ಎತ್ತರವಂತೆ, ವರ್ಷಕ್ಕೂ ಮೀರಿದ ಕೆಲಸ, ಹತ್ತುವುದು ಬೇಡ, ನಿಂತು ಮಾಡಿಸಿದರೆ ಸಾಕು ಎನ್ನುತ್ತಾರೆ. ಸೆಪ್ಟೆಂಬರಿನಲ್ಲಿ ಸೇರಬೇಕಂತೆ. ಪೆಟ್ಟಿಗೆಯನ್ನು ಎಲ್ಲಿಗೆ ಕಳಿಸಲಿ ಎಂದು ಸ್ಟೋರಿನವನು ಈಗಲೇ ಕೇಳುತ್ತಿದ್ದಾನೆ.

ಅಮ್ಮ


2 ಮೇ

ಅಮ್ಮ,

ಎಡ ಸೀಟಿನವಳಿಗೆ ಇನ್ನೊಂದು ಲೀಟರ್ ನೀರು ಹಾಕು. ಮುಂದಿನ ತಿಂಗಳು ಇನ್ನಷ್ಟು ಬೇಕಾಗುತ್ತದೆ.

ನಿಮ್ಮ ಯಂತ್ರಗಳ ಬಾಗಿಲಲ್ಲಿ ಒಂದು ಬೋರ್ಡು ಇರುತ್ತದಲ್ಲ, ಯಾರ್ಯಾರು ಹತ್ತಬಾರದು ಎಂದು ಚಿತ್ರ ಬರೆದದ್ದು. ಹೃದಯದ ಚಿತ್ರ, ಕುತ್ತಿಗೆ ಪಟ್ಟಿ ಕಟ್ಟಿಕೊಂಡವನ ಚಿತ್ರ, ಆಮೇಲೆ ಹೊಟ್ಟೆ ಮುಂದೆ ಬಂದ ಹೆಂಗಸಿನ ಚಿತ್ರ. ಆ ಮೂರನೆಯವಳು ನಾನು. ಆಗ ಗೆರೆಯಷ್ಟು ಎತ್ತರವಿರಲಿಲ್ಲ, ಈಗ ಹೀಗೆ. ನಿನ್ನ ಪಕ್ಕದ ಸೀಟು ನನ್ನ ಹಣೆಯಲ್ಲಿ ಬರೆದಿಲ್ಲವೆಂದು ಕಾಣುತ್ತದೆ.

ಡಿಸೆಂಬರ್ ಎಂದು ಹೇಳಿದ್ದಾರೆ. ದೊಡ್ಡಮ್ಮ ಆಗಲೇ ಹಳೆಯ ಮೆತ್ತನೆಯ ಬಟ್ಟೆಗಳನ್ನು ಹುಡುಕಲು ಶುರು ಮಾಡಿದ್ದಾರೆ. ನಿನ್ನ ಅಳಿಯ ಅಂಗಡಿಯಲ್ಲಿ ಗಿರಾಕಿಯ ಚಿತ್ರವನ್ನು ತಲೆಕೆಳಗಾಗಿ ಕಟ್ಟಿ ಕೊಟ್ಟುಬಿಟ್ಟರು.

ನಿನ್ನ ಪತ್ರದ ಕೊನೆಯ ಸಾಲುಗಳನ್ನು ಓದಿದೆ. ಡಿಸೆಂಬರಿಗೆ ನೀನು ಆ ಎತ್ತರದ ಯಂತ್ರದ ಹತ್ತಿರ ಇರುತ್ತೀಯ, ಅಲ್ಲವೇ?

ಬುಗುರಿ


10 ಮೇ

ಬುಗುರಿ,

ನಿನ್ನ ಪತ್ರದ ಮೊದಲ ಎರಡು ಸಾಲು ಓದಿ, ಮಡಚಿ ಲಾಕರಿನಲ್ಲಿಟ್ಟು, ಹೋಗಿ ಒಂದು ಲೀಟರ್ ತುಂಬಿಸಿ ಬಂದೆ. ಬೇಸಿಗೆಯಲ್ಲಿ ಐಸ್‌ಕ್ರೀಮ್ ತಿಂದು ದಪ್ಪವಾಗಿದ್ದಾಳೆ ಎಂದುಕೊಂಡೆ. ಉಳಿದದ್ದನ್ನು ಊಟದ ಹೊತ್ತಿಗೆ ಓದಿದೆ. ಓದಿ ಮತ್ತೆ ಮೇಲೆ ಹೋದೆ, ಗೊಂಬೆಯ ಮುಂದೆ ನಿಂತೆ. ನನಗೆ ಗೊತ್ತಿಲ್ಲದೆಯೇ ನಾನು ಏನನ್ನು ಸುರಿದೆ ಎಂದು ಆಗ ತಿಳಿಯಿತು. ಸೀಟಿನ ಅಡ್ಡಪಟ್ಟಿ ಅದರ ಹೊಟ್ಟೆಗೆ ಒತ್ತುತ್ತಿತ್ತು. ಸಡಿಲಿಸಿದೆ. ಗುಂಡಿಯಣ್ಣನ ಫಲಕದಲ್ಲಿ ಕೆಂಪು ದೀಪ ಹೊತ್ತಿತು. "ಎಡಗಡೆ ಪಟ್ಟಿ ಬಿಗಿಯಾಗಿಲ್ಲ ಬ್ರೇಕಮ್ಮ, ಬಿಡಲ್ಲ ನಾನು" ಎಂದ. ಸರಿ, ಬಿಡಬೇಡ ಎಂದೆ. ಆ ದಿನ ಮತ್ತೆ ಓಡಿಸಲಿಲ್ಲ.

ಹುಳಿ ಬೇಕೆನಿಸುತ್ತದೆಯೋ, ಸಿಹಿಯೋ? ನಿನ್ನನ್ನು ಹೊತ್ತಾಗ ನನಗೆ ಎರಡೂ ಸೇರುತ್ತಿರಲಿಲ್ಲ, ಹೊಸ ಸೋಪಿನ ವಾಸನೆ ಮಾತ್ರ ಬೇಕಿತ್ತು. ನಿನ್ನಪ್ಪ ಕಿರಾಣಿ ಅಂಗಡಿಯವನಿಗೆ ಕಾರಣ ಹೇಳಲಾರದೆ ಕಂತೆ ಕಂತೆ ಸೋಪು ತರುತ್ತಿದ್ದರು. ಎಡಕ್ಕೆ ಮಗ್ಗುಲಾಗಿ ಮಲಗು. ಕ್ಲಿನಿಕ್ಕಿನಲ್ಲಿ ಭಾರದವರನ್ನು ಎಬ್ಬಿಸಿ ಕೂರಿಸುವ ಕೆಲಸ ಬೇರೆಯವರಿಗೆ ಕೊಡು. ಮೆಟ್ಟಿಲು ಇಳಿಯುವಾಗ ಹಿಡಿದುಕೋ. ಇದೆಲ್ಲ ನಿನಗೆ ನನಗಿಂತ ಚೆನ್ನಾಗಿ ಗೊತ್ತಿದೆ, ಗೊತ್ತಿದ್ದರೂ ಬರೆಯುತ್ತಿದ್ದೇನೆ.

ನಿನ್ನ ಕೊಳವೆಯನ್ನು ಜೋಪಾನವಾಗಿಡು.

ಅಮ್ಮ


21 ಜೂನ್

ಬುಗುರಿ,

ನೀನು ಬರೆಯದೆ ಬಹಳ ದಿನವಾಯಿತು. ನೀನು ಕೇಳಿದ ಒಂದು ಪ್ರಶ್ನೆಯನ್ನು ಬಿಟ್ಟು ನಾನು ಉಳಿದೆಲ್ಲದಕ್ಕೂ ಬರೆದೆ, ನಿನಗೆ ಅದು ಕಾಣದೆ ಇರುತ್ತದೆಯೇ?

ಇಲ್ಲಿ ಮಳೆ ಶುರುವಾಗಿದೆ. ಒದ್ದೆ ಟ್ರ್ಯಾಕಿನಲ್ಲೂ ಬೋಗಿ ಅದೇ ಜಾಗದಲ್ಲಿ ನಿಧಾನವಾಗುತ್ತಿದೆ. ಗೊಂಬೆಗೆ ಈ ತಿಂಗಳು ಎಷ್ಟು ಸುರಿಯಬೇಕೋ ತಿಳಿಯದೆ ಕೈ ಕಟ್ಟಿ ನಿಂತಿದ್ದೇನೆ. ಮತ್ತೆ ಊಹೆಯ ಮೇಲೆ ತುಂಬಲು ಮನಸ್ಸಿಲ್ಲ.

ಮೊದಲ ಸುತ್ತು ಜುಲೈ ಕೊನೆಯ ಶನಿವಾರ. ಹತ್ತುವುದು ಬೇಡ. ಬಂದರೆ ನಿಲ್ದಾಣದ ತುದಿಯಲ್ಲಿ, ರಬ್ಬರ್ ಗಾಲಿಗಳ ಹತ್ತಿರ ನಿಂತುಕೋ. ಅಲ್ಲಿ ಹಳದಿ ಕಟಕಟೆ ಇದೆ, ಒರಗಿಕೊಳ್ಳಬಹುದು.

ಅಮ್ಮ


4 ಆಗಸ್ಟ್

ಅಮ್ಮ,

ಮನೆ ಸೇರಿದೆವು. ಕಾಲು ಸ್ವಲ್ಪ ಊದಿತ್ತು, ಈಗ ಇಳಿದಿದೆ.

ಅಲ್ಲಿದ್ದ ಎರಡು ದಿನ ನಾವಿಬ್ಬರೂ ಏನೇನೋ ಮಾತಾಡಿದೆವು. ನಾನು ಕಂಡದ್ದನ್ನು ಹೇಳಲು ಆಗಲಿಲ್ಲ. ನೀನು ಯಂತ್ರದ ಮೇಲಿರುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ, ಕಂಡದ್ದು ಇದೇ ಮೊದಲು.

ಮೊದಲು ಸದ್ದು ಬಂತು. ಕಟಕಟೆ ನನ್ನ ಕೈಯಡಿಯಲ್ಲಿ ನಡುಗಿತು. ನಿನ್ನ ಅಳಿಯ ನನ್ನ ತೋಳು ಹಿಡಿದುಕೊಂಡರು, ನನಗೋಸ್ಕರವೋ ತಮಗೋಸ್ಕರವೋ ತಿಳಿಯಲಿಲ್ಲ. ಆಮೇಲೆ ಆ ಕೆಂಪು ಬೋಗಿ ಆಕಾಶದಿಂದ ಯಾರೋ ಎಸೆದಂತೆ ಬಂತು. ಇದು ನಿಲ್ಲುವುದು ಸಾಧ್ಯವೇ ಇಲ್ಲ ಎಂದುಕೊಂಡೆ. ನೀನು ಬರೆದದ್ದೆಲ್ಲ ಓದಿಯೂ ಹಾಗೆಯೇ ಅನಿಸಿತು. ಅಷ್ಟರಲ್ಲಿ ಅದು ನಿನ್ನ ಅಯಸ್ಕಾಂತಗಳ ಸಾಲಿಗೆ ಸೇರಿತು. ಕೂಗುತ್ತ ಬಂದದ್ದು ನಿಟ್ಟುಸಿರು ಬಿಟ್ಟಂತಾಯಿತು. ಎಲ್ಲೂ ಏನೂ ತಾಗಲಿಲ್ಲ. ನಿನ್ನ ತಲೆ ಒಂದಿಷ್ಟು ಮುಂದಕ್ಕೆ ಬಾಗಿ ಹಿಂದಕ್ಕೆ ಬಂತು, ನಿದ್ದೆಯಲ್ಲಿರುವ ಮಗುವಿನ ತಲೆಯ ಹಾಗೆ. ನನ್ನ ಮೇಷ್ಟ್ರನ್ನು ಕೂರಿಸಿದ್ದರೂ ಏನೂ ಆಗುತ್ತಿರಲಿಲ್ಲ.

ಆಮೇಲಿನದೇ ನನ್ನ ಕಣ್ಣಿನಲ್ಲಿ ಉಳಿದಿದೆ. ಬೋಗಿ ನಡೆಯುವವರ ವೇಗಕ್ಕೆ ಬಂದು, ಇನ್ನೂ ನಿಲ್ಲದೆ, ನಿಲ್ಲಲು ಆಗದೆ ನನ್ನ ಕಡೆಗೆ ತೆವಳುತ್ತಿತ್ತು. ನೀನು ಕಣ್ಣು ಮುಚ್ಚಿದ್ದೆ. ಪಕ್ಕದಲ್ಲಿ ನನ್ನ ಭಾರದ ಗೊಂಬೆ. ಬಂದ ದಿನವೇ ನನ್ನನ್ನು ಸ್ಟೋರಿನ ತಕ್ಕಡಿಯ ಮೇಲೆ ನಿಲ್ಲಿಸಿ, ನಾಚಿಕೆಯಿಲ್ಲದೆ ಎಲ್ಲರೆದುರು ತೂಗಿ ತುಂಬಿಸಿದೆಯಲ್ಲ, ಆ ನೀರು. ರಬ್ಬರ್ ಗಾಲಿಗಳು ಬೋಗಿಯನ್ನು ಮುಟ್ಟಿದಾಗ ಒಂದು ಸಣ್ಣ ಸದ್ದಾಯಿತು, ಬಾಗಿಲು ಮುಂದಕ್ಕೆ ಹಾಕಿದಷ್ಟು. ನೀನು ನಿಂತೆ. ಕಣ್ಣು ತೆರೆದೆ.

ಗುಂಡಿಯಣ್ಣ, "ಏನ್ ಬ್ರೇಕಮ್ಮ, ಅಳ್ತಿದೀರಾ?" ಎಂದಾಗ ನೀನು, "ಗಾಳಿ ಕಣಯ್ಯಾ" ಎಂದೆ. ಗಾಳಿ ನಿಂತು ಎಷ್ಟೋ ಹೊತ್ತಾಗಿತ್ತು. ನಾನು ಬಗ್ಗಿ ಬೋಗಿಯ ಅಡಿಯ ತಗಡು ನೋಡಲು ಹೋದಾಗ ನೀನು ನನ್ನ ಕೈ ಹಿಡಿದು ಅದರ ಹತ್ತಿರ ಒಯ್ದೆ, ಮುಟ್ಟಿಸಲಿಲ್ಲ. ಅಷ್ಟು ದೂರಕ್ಕೇ ಬಿಸಿ ತಾಗುತ್ತಿತ್ತು. ಅಷ್ಟೊಂದು ಓಟ ಎಲ್ಲಿ ಹೋಯಿತು ಎಂದು ಕೇಳಿದ್ದಕ್ಕೆ, "ಎಲ್ಲೂ ಹೋಗಲ್ಲ ಮಗಾ, ಹಿಂಗೆ ಬಿಸಿಯಾಗಿ ಕೂತ್ಕೊಳುತ್ತೆ. ಆರೋಕೆ ಹೊತ್ತು ಬೇಕು" ಎಂದೆ.

ಸ್ಟೋರಿನಲ್ಲಿ ನಿನ್ನ ಪೆಟ್ಟಿಗೆಯನ್ನೂ ಕಂಡೆ. ಹಸಿರು ಬಣ್ಣ ಎಂದು ಗೊತ್ತಿರಲಿಲ್ಲ, ನನ್ನ ಮನಸ್ಸಿನಲ್ಲಿ ಅದು ಕಪ್ಪಾಗಿತ್ತು. ಹಳೆಯ ಊರುಗಳ ಚೀಟಿಗಳು ಒಂದರ ಮೇಲೊಂದು. ಮೇಲಿನ ಹೊಸ ಚೀಟಿಯಲ್ಲಿ ವಿಳಾಸ ಬರೆದಿರಲಿಲ್ಲ. ನಾನು ಅದನ್ನು ನೋಡುತ್ತಿರುವುದನ್ನು ನೀನೂ ಕಂಡೆ. ಬಸ್ ಹೊರಟಾಗ ನೀನು ಕಿಟಕಿಯ ಪಕ್ಕದಲ್ಲೇ ನಡೆದು ಬಂದೆ, ಬಸ್ಸಿನ ವೇಗ ಹೆಚ್ಚಿ ಹಿಂದುಳಿಯುವವರೆಗೆ. ಬಿಟ್ಟು ಹೋಗುವವಳು ಈ ಸಲ ನಾನಾಗಿದ್ದೆ. ಒಳಗೆ ಕೂತವರಿಗೂ ಅದು ಸುಲಭವಲ್ಲ ಎಂದು ತಿಳಿಯಿತು.

ಹೋಗುವುದಾದರೆ ಹೋಗು ಅಮ್ಮ. ನಾನು ಮುನಿಸಿಕೊಳ್ಳುವುದಿಲ್ಲ. ಆದರೆ ಈ ಸಲ ಮೊದಲೇ ಹೇಳು. ಕುತ್ತಿಗೆಗೆ ಅಷ್ಟು ಸಾಕು.

ಬುಗುರಿ


23 ಆಗಸ್ಟ್

ಬುಗುರಿ,

ಮೊದಲೇ ಹೇಳುತ್ತಿದ್ದೇನೆ.

ಈ ಬೆಳಿಗ್ಗೆ ಗೊಂಬೆಗಳನ್ನೆಲ್ಲ ಖಾಲಿ ಮಾಡಿದೆವು. ಉಳಿದವನ್ನು ಕೆಲಸದವರು ಚರಂಡಿಗೆ ಬಗ್ಗಿಸಿದರು. ಎಡ ಸೀಟಿನದನ್ನು ನಾನೇ ಇಳಿಸಿ, ಸ್ಟೋರಿನ ಹಿಂದಿರುವ ಬೇವಿನ ಗಿಡದ ಬುಡಕ್ಕೆ ಬಿಟ್ಟೆ. ಎಷ್ಟೋ ಹೊತ್ತು ಹರಿಯಿತು. ಇಷ್ಟು ವರ್ಷ ನಾನು ಊರೂರಿನಲ್ಲಿ ಬಿಟ್ಟು ಬಂದ ನೀರೆಲ್ಲ ನನ್ನ ಊಹೆ. ಇದೊಂದು ಮಾತ್ರ ನಿನ್ನ ಸರಿಯಾದ ಭಾರ, ನಿನ್ನದೂ ಒಳಗಿನದರದೂ ಸೇರಿ. ಗೊಂಬೆ ಹಗುರವಾಗಿ ಗಾಳಿಗೆ ಹೊರಳಿತು. ಅದನ್ನು ಇನ್ನು ಯಾರದೋ ತೂಕಕ್ಕೆ ತುಂಬುತ್ತಾರೆ.

ಎತ್ತರದ ಯಂತ್ರಕ್ಕೆ ನನ್ನ ಬದಲು ನಮ್ಮ ಹಿರಿಯ ವೆಲ್ಡರ್ ಹೋಗುತ್ತಾಳೆ. ಅಯಸ್ಕಾಂತಗಳ ಸಂದಿ ಹೊಂದಿಸುವುದರಲ್ಲಿ ಅವಳ ಕೈ ನನ್ನದಕ್ಕಿಂತ ತಾಳ್ಮೆಯದು. ಅವಳಿಗೆ ಕುತ್ತಿಗೆಯ ಪಾಠವನ್ನೂ ಹೇಳಿಕೊಟ್ಟಿದ್ದೇನೆ. ನಾನು ಹೋಗುವುದಿಲ್ಲವೆಂದು ಹೇಳಿದ್ದಕ್ಕೆ ಕಂಪನಿಯವರು ಕಾರಣ ಕೇಳಿದರು. ನಾನು ಮಾತು ಶುರು ಮಾಡುವಷ್ಟರಲ್ಲಿ ಗುಂಡಿಯಣ್ಣನೇ ನನ್ನ ಪರವಾಗಿ, "ಬ್ರೇಕು ಅವರೇ ಹಾಕಿಕೊಂಡಿದ್ದಾರೆ ಸಾರ್" ಎಂದ.

ನನಗೆ ಒಂದು ಕಡೆ ನಿಂತು ಅಭ್ಯಾಸವಿಲ್ಲ ಮಗಳೇ. ಮೊದಮೊದಲು ಜರ್ಕು ಹೊಡೆದೀತು. ನಿಮ್ಮ ಪಾತ್ರೆಗಳ ಜಾಗ ಬದಲಾಯಿಸುತ್ತೇನೆ, ಸರಿಯಾಗಿರುವ ಬಾಗಿಲಿನ ತಿರುಪು ಬಿಗಿಯುತ್ತೇನೆ, ಅಕ್ಕನ ಜೊತೆ ದಿನಾ ವಾದ ಮಾಡುತ್ತೇನೆ. ಹಾದಿಯಲ್ಲಿ ಲಾರಿ ಹೋದರೆ ಎದ್ದು ನೋಡಿಯೇನು. ನೀವು ಕುತ್ತಿಗೆ ಬಿಗಿಹಿಡಿಯಬೇಡಿ. ಸ್ವಲ್ಪ ಹೊತ್ತು ಕೊಟ್ಟರೆ ಆರುತ್ತದೆ.

ನಾನು ಹೊರಡುವುದು ಮುಂದಿನ ಬುಧವಾರ. ನೀವೆಲ್ಲ ಎದ್ದಿರುವ ಹೊತ್ತಿಗೆ ಬರುತ್ತೇನೆ, ಬಾಗಿಲು ತಟ್ಟುತ್ತೇನೆ. ಈ ಪತ್ರಕ್ಕೆ ಉತ್ತರ ಬರೆಯಬೇಡ, ಇಲ್ಲಿ ತೆಗೆದುಕೊಳ್ಳಲು ಯಾರೂ ಇರುವುದಿಲ್ಲ.

ನನಗಿಂತ ಮೊದಲು ಲಾರಿಯಲ್ಲಿ ಒಂದು ಹಸಿರು ಪೆಟ್ಟಿಗೆ ಬರುತ್ತದೆ. ಚೀಟಿಯ ಮೇಲೆ ಮನೆಯ ವಿಳಾಸವನ್ನು ನಾನೇ ಬರೆದಿದ್ದೇನೆ. ಮೆಟ್ಟಿಲ ಹತ್ತಿರವೇ ಇಳಿಸಿಕೋ. ಬಹಳ ಭಾರವಿದೆ, ನೀನು ಎತ್ತಲು ಹೋಗಬೇಡ. ನಾನು ಬಂದು ಒಳಗಿಡುತ್ತೇನೆ.

ಅಮ್ಮ